ಉಳಿತಾಯದ ಬೆಲೆ

ಮೋಟಾರು ಸೈಕಲ್ಲು ನೋಡುವವರ ಕಣ್ಣಿಗೆ ಒಂದೇ ವಸ್ತು. ಅದನ್ನು ಬಿಚ್ಚಿ ನೆಲದ ಮೇಲೆ ಹರಡಿದವನಿಗೆ ಅದು ಸಾವಿರಕ್ಕೂ ಮಿಕ್ಕ ವಸ್ತುಗಳ ಕೂಟವೆಂಬುದು ತಿಳಿಯುತ್ತದೆ. ಕಿರುಬೆರಳಿನಷ್ಟು ದಪ್ಪದ ಬೋಲ್ಟು, ಕಾಗದದಂತೆ ತೆಳುವಾದ ಗ್ಯಾಸ್ಕೆಟ್ಟು, ಕನ್ನಡಿಯಂತೆ ನುಣುಪಾದ ಸಿಲಿಂಡರಿನ ಒಳಮೈ, ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡುಗಳು, ಹೀಗೆ ಒಂದೊಂದಕ್ಕೂ ಒಂದೊಂದು ಅಳತೆ, ಒಂದೊಂದು ಲೋಹ, ಒಂದೊಂದು ಬೆಲೆ. ತಯಾರಿಕೆಯ ವೆಚ್ಚವನ್ನು ತಗ್ಗಿಸಬೇಕೆಂಬ ಆಸೆ ಪ್ರತಿಯೊಬ್ಬ ಉದ್ಯಮಿಗೂ ಇರುತ್ತದೆ. ಆ ಆಸೆಯಲ್ಲಿ ದೋಷವೇನೂ ಇಲ್ಲ. ವೆಚ್ಚ ತಗ್ಗದೆ ಇದ್ದಿದ್ದರೆ ಇಂತಹ ವಾಹನವು ಸಾಮಾನ್ಯ ಜನರ ಕೈಗೆ ಎಂದಿಗೂ ಎಟುಕುತ್ತಿರಲಿಲ್ಲ. ಆದರೆ ವೆಚ್ಚವನ್ನು ಎಲ್ಲಿ ತಗ್ಗಿಸಬೇಕು, ಎಲ್ಲಿ ತಗ್ಗಿಸಬಾರದು ಎಂಬ ವಿವೇಚನೆ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ಒಂದು ಹೆಸರಾಂತ ಕಾರ್ಖಾನೆಯ ಚರಿತ್ರೆಯಿಂದ ಅರಿಯಬಹುದು.

ಆ ಚರಿತ್ರೆಗೆ ಹೋಗುವ ಮುನ್ನ ಒಂದು ಸಣ್ಣ ಲೆಕ್ಕವನ್ನು ನೋಡಬೇಕು. ಸಾವಿರ ಬಿಡಿಭಾಗಗಳಿಂದಾದ ಒಂದು ಯಂತ್ರವಿದೆ ಎಂದು ಭಾವಿಸೋಣ. ಪ್ರತಿಯೊಂದು ಬಗೆಯ ಭಾಗದಲ್ಲಿಯೂ ಸಾವಿರಕ್ಕೆ ಒಂದು ಮಾತ್ರ ದೋಷವುಳ್ಳದ್ದು, ಉಳಿದ 999 ನಿರ್ದುಷ್ಟವಾದುವು. ಇಷ್ಟು ಎಚ್ಚರಿಕೆಯಿಂದ ಕೆಲಸ ಮಾಡಿದವರನ್ನು ಯಾರಾದರೂ ಮೆಚ್ಚಿಕೊಳ್ಳಬೇಕು. ಆದರೆ ಹೀಗೆ ಜೋಡಿಸಿದ ನೂರು ಯಂತ್ರಗಳಲ್ಲಿ ಯಾವ ದೋಷವೂ ಇಲ್ಲದೆ ಹೊರಬರುವುವು ಸುಮಾರು 37 ಮಾತ್ರ! ಮಿಕ್ಕ 63ರಲ್ಲಿ ಎಲ್ಲಿಯೋ ಒಂದು ಕಡೆ, ಒಂದಾದರೂ ಕೆಟ್ಟ ಭಾಗ ಸೇರಿಕೊಂಡಿರುತ್ತದೆ. ದೋಷದ ಪ್ರಮಾಣವು ಸಾವಿರಕ್ಕೆ ಒಂದರಿಂದ ಎರಡಕ್ಕೆ ಏರಿದರೆ, ನಿರ್ದುಷ್ಟವಾದ ಯಂತ್ರಗಳು ನೂರಕ್ಕೆ ಹದಿಮೂರು ಹದಿನಾಲ್ಕಕ್ಕೆ ಇಳಿಯುತ್ತವೆ. ಅದನ್ನೇ ಹತ್ತು ಸಾವಿರಕ್ಕೆ ಒಂದಕ್ಕೆ ಇಳಿಸಿದರೆ ತೊಂಬತ್ತು ಯಂತ್ರಗಳು ಚೆನ್ನಾಗಿರುತ್ತವೆ. ಬಿಡಿಭಾಗದ ಮಟ್ಟದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾದ ವ್ಯತ್ಯಾಸವು ಇಡೀ ವಾಹನದ ಮಟ್ಟಕ್ಕೆ ಬರುವ ಹೊತ್ತಿಗೆ ಬೆಟ್ಟದಷ್ಟಾಗುವ ಬಗೆ ಇದು. ಲೆಕ್ಕಪತ್ರವನ್ನು ಮಾತ್ರ ನೋಡಿ ಕಾರ್ಖಾನೆಯನ್ನು ನಡೆಸುವವರಿಗೆ ಈ ಬೆಟ್ಟವು ಬಹುಕಾಲ ಕಾಣಿಸುವುದಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಮಿಲ್ವಾಕಿ ಎಂಬ ನಗರವಿದೆ. 1903ರಲ್ಲಿ ವಿಲಿಯಂ ಹಾರ್ಲೆ ಮತ್ತು ಆರ್ಥರ್ ಡೇವಿಡ್‌ಸನ್ ಎಂಬ ತರುಣರು ಅಲ್ಲಿ ಮೋಟಾರು ಸೈಕಲ್ಲಿನ ತಯಾರಿಕೆಯನ್ನು ಆರಂಭಿಸಿದರು. ಆರ್ಥರನ ಸೋದರರೂ ಅವರೊಡನೆ ಸೇರಿಕೊಂಡರು. 1920ರ ವೇಳೆಗೆ ಹಾರ್ಲೆ-ಡೇವಿಡ್‌ಸನ್ ಜಗತ್ತಿನಲ್ಲಿಯೇ ಅತ್ಯಂತ ದೊಡ್ಡ ಮೋಟಾರು ಸೈಕಲ್ ಸಂಸ್ಥೆಯಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿ ಅದು ಸುಮಾರು 90,000 ವಾಹನಗಳನ್ನು ಒದಗಿಸಿತು. ಎರಡು ಸಿಲಿಂಡರುಗಳು ತೆರೆದ ಎರಡು ಬೆರಳುಗಳಂತೆ 45 ಡಿಗ್ರಿ ಕೋನದಲ್ಲಿ ನಿಂತಿರುವ ಅದರ ಎಂಜಿನ್ನಿನ ಗುಡುಗುವ ಸದ್ದು ದೂರದಿಂದಲೇ ಗುರುತು ಸಿಗುವಂತಿತ್ತು. 1953ರಲ್ಲಿ ಅದರ ಪ್ರತಿಸ್ಪರ್ಧಿಯಾದ 'ಇಂಡಿಯನ್' ಸಂಸ್ಥೆ ತಯಾರಿಕೆಯನ್ನು ನಿಲ್ಲಿಸಿದ ಮೇಲೆ (ಹೆಸರು ಇಂಡಿಯನ್ ಆದರೂ ನಮ್ಮ ದೇಶಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ) ಅಮೆರಿಕದಲ್ಲಿ ಹೇಳಿಕೊಳ್ಳುವಂತಹ ಮೋಟಾರು ಸೈಕಲ್ ಕಾರ್ಖಾನೆಯೆಂದರೆ ಇದೊಂದೇ ಉಳಿಯಿತು. ಎದುರಾಳಿಯೇ ಇಲ್ಲದ ಅಂಗಳದಲ್ಲಿ ಓಡುವವನು ತನ್ನ ವೇಗವನ್ನು ಅಳೆದುಕೊಳ್ಳುವುದು ಕಷ್ಟ.

1969ರಲ್ಲಿ ಎ.ಎಂ.ಎಫ್. ಎಂಬ ದೊಡ್ಡ ಉದ್ಯಮವು ಹಾರ್ಲೆ-ಡೇವಿಡ್‌ಸನ್ನನ್ನು ಕೊಂಡಿತು. ಸಿಗರೇಟು ತಯಾರಿಸುವ ಯಂತ್ರದಿಂದ ಆರಂಭವಾಗಿ, ಆಟದ ಸಾಮಾನುಗಳು, ಬೈಸಿಕಲ್ಲು, ದೋಣಿ ಮೊದಲಾದ ಹತ್ತು ಹಲವು ಸರಕುಗಳಿಗೆ ಕೈಚಾಚಿದ್ದ ಸಂಸ್ಥೆ ಅದು. ಅಮೆರಿಕದ ತರುಣರಲ್ಲಿ ಮೋಟಾರು ಸೈಕಲ್ಲಿನ ಮೋಹ ಆಗ ಮೇರೆ ಮೀರಿ ಬೆಳೆಯುತ್ತಿತ್ತು. ಮಾಡಿದಷ್ಟೂ ಮಾರಾಟವಾಗುವ ಕಾಲದಲ್ಲಿ ಹೆಚ್ಚು ಹೆಚ್ಚು ಮಾಡಬೇಕೆಂದು ಹೊಸ ಒಡೆಯರಿಗೆ ತೋರಿದ್ದು ಸಹಜವೇ. ಕೆಲವೇ ವರ್ಷಗಳಲ್ಲಿ ಉತ್ಪಾದನೆಯು ಹಲವು ಪಟ್ಟು ಏರಿತು. ಮಿಲ್ವಾಕಿಯ ಕಾರ್ಖಾನೆ ಸಾಲದೆ ಬಂದುದರಿಂದ 1973ರಲ್ಲಿ ಜೋಡಣೆಯ ಕೆಲಸವನ್ನು ಪೆನ್ಸಿಲ್ವೇನಿಯ ಪ್ರಾಂತದ ಯಾರ್ಕ್ ಎಂಬ ಊರಿಗೆ ಸಾಗಿಸಲಾಯಿತು. ಎಂಜಿನ್ನುಗಳು ಮಾತ್ರ ಮೊದಲಿನಂತೆ ಮಿಲ್ವಾಕಿಯಲ್ಲಿಯೇ ತಯಾರಾಗುತ್ತಿದ್ದುವು. ಎರಡು ಊರುಗಳ ನಡುವಣ ರಸ್ತೆಯ ದೂರ ಸಾವಿರ ಕಿಲೋಮೀಟರಿಗೂ ಹೆಚ್ಚು. ಎಂಜಿನ್ನಿನಲ್ಲಿ ತಪ್ಪು ಮಾಡಿದವನಿಗೆ ತನ್ನ ತಪ್ಪನ್ನು ನೋಡುವ ಅವಕಾಶವಿರಲಿಲ್ಲ. ಅದನ್ನು ಕಂಡವನಿಗೆ ತಪ್ಪು ಮಾಡಿದವನ ಮುಖ ತಿಳಿದಿರಲಿಲ್ಲ.

ಇಷ್ಟೊಂದು ಹೆಚ್ಚಿದ ಉತ್ಪಾದನೆಗೆ ತಕ್ಕಂತೆ ಯಂತ್ರೋಪಕರಣಗಳು ಹೊಸದಾಗಲಿಲ್ಲ, ಎಂಜಿನ್ನಿನ ರಚನೆಯೂ ಬದಲಾಗಲಿಲ್ಲ. ಸವೆದ ಲೇತಿನಿಂದಲೂ ದಂಡವನ್ನು ಕಡೆಯಬಹುದು. ಆದರೆ ನಕ್ಷೆಯಲ್ಲಿ 25 ಮಿಲಿಮೀಟರ್ ಎಂದು ಬರೆದಿದ್ದರೆ ಒಂದು ದಂಡ ಕೂದಲೆಳೆಯಷ್ಟು ದಪ್ಪವಾಗಿಯೂ ಇನ್ನೊಂದು ಕೂದಲೆಳೆಯಷ್ಟು ಸಣ್ಣದಾಗಿಯೂ ಬರುತ್ತದೆ. ದಪ್ಪ ದಂಡವನ್ನು ಕಿರಿದಾದ ರಂಧ್ರಕ್ಕೆ ಬಡಿದು ಕೂರಿಸಬೇಕಾಗುತ್ತದೆ. ಸಣ್ಣ ದಂಡವು ಅಗಲವಾದ ರಂಧ್ರದಲ್ಲಿ ಅಲುಗಾಡಿ ತಾನೂ ಸವೆದು ರಂಧ್ರವನ್ನೂ ಸವೆಸುತ್ತದೆ. ನುರಿತ ಕೆಲಸಗಾರನು ಹತ್ತು ದಂಡಗಳಲ್ಲಿ ಹೊಂದುವಂತಹ ಒಂದನ್ನು ಆರಿಸಿ, ಅರದಿಂದ ಉಜ್ಜಿ, ಹೇಗೋ ಸರಿಪಡಿಸಿಬಿಡುತ್ತಾನೆ. ಹಳೆಯ ಮಿಲ್ವಾಕಿಯ ಕೈಗಳಿಗೆ ಆ ವಿದ್ಯೆ ತಿಳಿದಿತ್ತು. ದಿನಕ್ಕೆ ಇಷ್ಟು ವಾಹನಗಳು ಹೊರಬೀಳಲೇಬೇಕೆಂಬ ಆಜ್ಞೆ ಬಂದಾಗ ಆರಿಸುವುದಕ್ಕೂ ಉಜ್ಜುವುದಕ್ಕೂ ಪುರುಸೊತ್ತು ಎಲ್ಲಿಯದು?

ದೋಷವು ಎಲ್ಲಕ್ಕಿಂತ ಮೊದಲು ಬಯಲಾದುದು ಎಣ್ಣೆಯ ಸೋರಿಕೆಯಲ್ಲಿ. ಇದರ ಕಾರಣವನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ಎಂಜಿನ್ನಿನೊಳಗೆ ಉಜ್ಜಾಡುವ ಭಾಗಗಳಿಗೆಲ್ಲ ಎಣ್ಣೆ ಹರಿಯುತ್ತಿರಬೇಕು. ಎಂಜಿನ್ನಿನ ಕವಚವು ಒಂದೇ ತುಂಡಾಗಿ ಇರುವುದು ಸಾಧ್ಯವಿಲ್ಲ. ಹಲವು ತುಂಡುಗಳನ್ನು ಬೋಲ್ಟುಗಳಿಂದ ಬಿಗಿದು ಅದನ್ನು ಮಾಡಿರುತ್ತಾರೆ. ಎರಡು ಲೋಹದ ಮೈಗಳು ಎಷ್ಟೇ ನುಣುಪಾಗಿದ್ದರೂ ಅವುಗಳ ನಡುವೆ ಸಂದು ಉಳಿಯುತ್ತದೆ. ಆ ಸಂದನ್ನು ಮುಚ್ಚುವುದಕ್ಕಾಗಿ ಮೆತುವಾದ ಗ್ಯಾಸ್ಕೆಟ್ಟನ್ನು ಇಟ್ಟು ಬಿಗಿಯುತ್ತಾರೆ. ಲೋಹದ ಮೈ ಸಮತಟ್ಟಾಗಿಲ್ಲದೆ ಹೋದರೆ ಗ್ಯಾಸ್ಕೆಟ್ಟು ಒಂದೆಡೆ ನಜ್ಜುಗುಜ್ಜಾಗಿ ಇನ್ನೊಂದೆಡೆ ಸಡಿಲವಾಗಿ ನಿಲ್ಲುತ್ತದೆ. ಎರಕದಲ್ಲಿ ಸಣ್ಣ ಗುಳ್ಳೆಗಳು ಉಳಿದಿದ್ದರೆ ಎಣ್ಣೆಯು ಲೋಹದ ಮೂಲಕವೇ ಜಿನುಗಬಹುದು. ಬೋಲ್ಟುಗಳನ್ನು ಒಂದೇ ಸಮನಾಗಿ ಬಿಗಿಯದಿದ್ದರೂ ಇದೇ ಗತಿ.

ಇವಕ್ಕೆ ಜೊತೆಯಾಗಿ ಆ ಎಂಜಿನ್ನಿನ ರಚನೆಯಲ್ಲಿಯೇ ಒಂದು ತೊಡಕಿತ್ತು. ಅದರ ಸಿಲಿಂಡರುಗಳು ಬೀಡುಕಬ್ಬಿಣದವು; ಅವುಗಳ ಮೇಲಣ ತಲೆಭಾಗವು ಅಲ್ಯೂಮಿನಿಯಮ್ಮಿನದು. ಕಾದಾಗ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಹೆಚ್ಚುಕಡಮೆ ಎರಡರಷ್ಟು ಹಿಗ್ಗುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಮೈ 150 ಡಿಗ್ರಿಯಷ್ಟು ಕಾದರೆ ಅಲ್ಯೂಮಿನಿಯಮ್ ಸುಮಾರು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ, ಕಬ್ಬಿಣವು ಅದರ ಅರ್ಧದಷ್ಟು ಮಾತ್ರ. ವಾಹನವು ಓಡಿದಾಗಲೆಲ್ಲ ಕಾದು, ನಿಂತಾಗಲೆಲ್ಲ ತಣಿಯುವುದರಿಂದ ಈ ಎರಡು ಮೈಗಳು ತಮ್ಮ ನಡುವಣ ಗ್ಯಾಸ್ಕೆಟ್ಟನ್ನು ದಿನದಿನವೂ ಅತ್ತಿತ್ತ ತಿಕ್ಕುತ್ತಿರುತ್ತವೆ. ಎಚ್ಚರಿಕೆಯಿಂದ ಕಡೆದು, ಹದವಾಗಿ ಬಿಗಿದ ಎಂಜಿನ್ನು ಇದನ್ನು ಬಹುಕಾಲ ತಾಳಿಕೊಳ್ಳಬಲ್ಲುದು. ಅವಸರದಲ್ಲಿ ಜೋಡಿಸಿದುದು ತಾಳಲಾರದು. ಅದೇ ನಕ್ಷೆಯ ಎಂಜಿನ್ನು 1966ರಿಂದಲೂ ಬಳಕೆಯಲ್ಲಿತ್ತು. ನಕ್ಷೆಯೊಳಗೆ ಅಡಗಿದ್ದ ದೌರ್ಬಲ್ಯವನ್ನು ಕೆಲಸಗಾರರ ಎಚ್ಚರಿಕೆಯೇ ಅದುವರೆಗೆ ಮುಚ್ಚಿಟ್ಟಿತ್ತು.

ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲಿಸಿದ ಹೊಚ್ಚಹೊಸ ವಾಹನಗಳ ಕೆಳಗೆ, ತೊಟ್ಟಿಕ್ಕುವ ಎಣ್ಣೆ ನೆಲಕ್ಕೆ ತಾಗದಿರಲೆಂದು ರಟ್ಟಿನ ಹಾಳೆಗಳನ್ನು ಹಾಸಬೇಕಾಯಿತು. ಕೆಲವು ವಾಹನಗಳು ಯಾವುದಾದರೊಂದು ಭಾಗವನ್ನು ಕಳೆದುಕೊಂಡೇ ಜೋಡಣೆಯ ಸಾಲಿನಿಂದ ಹೊರಬರುತ್ತಿದ್ದುವು. ಕಾರ್ಖಾನೆಯಲ್ಲಿ ಮುಗಿಯದ ಕೆಲಸವನ್ನು ಅಂಗಡಿಯವರ ಮೆಕ್ಯಾನಿಕ್ಕುಗಳು ಮುಗಿಸಿಕೊಡುತ್ತಿದ್ದರು. ಕಾರ್ಖಾನೆಯ ಖಾತೆಯಲ್ಲಿ ಉಳಿತಾಯವೆಂದು ಬರೆದುಕೊಂಡದ್ದು ಅಂಗಡಿಯವನ ಖಾತೆಯಲ್ಲಿ ದುರಸ್ತಿಯ ವೆಚ್ಚವಾಗಿ, ಸವಾರನ ಪಾಲಿಗೆ ನಡುದಾರಿಯಲ್ಲಿ ನಿಂತ ವಾಹನವಾಗಿ ಪರಿಣಮಿಸಿತು. ಪೆಟ್ರೋಲು ಟ್ಯಾಂಕಿನ ಮೇಲೆ ಹಳೆಯ ಹೆಸರಿನೊಡನೆ ಅಂಟಿಕೊಂಡಿದ್ದ ಎ.ಎಂ.ಎಫ್. ಎಂಬ ಮೂರಕ್ಷರವು ಸವಾರರ ನಡುವೆ ಗೇಲಿಯ ಮಾತಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ನಮ್ಮ ಗಾದೆಯ ಅರ್ಥವನ್ನು ಅಲ್ಲಿಯವರು ಒಂದು ಗ್ಯಾಸ್ಕೆಟ್ಟಿನ ನಿಮಿತ್ತದಿಂದ ತಿಳಿಯಬೇಕಾಯಿತು.

ಇಂತಹ ಅವಸ್ಥೆ ಅಮೆರಿಕದ ಒಂದೇ ಸಂಸ್ಥೆಯ ಪಾಲಿಗೆ ಬಂದುದಲ್ಲ. ಇಂಗ್ಲೆಂಡಿನ ಬಿ.ಎಸ್.ಎ., ಟ್ರಯಂಫ್ ಮೊದಲಾದ ಮೋಟಾರು ಸೈಕಲ್ಲುಗಳಿಗೆ ಒಂದು ಕಾಲದಲ್ಲಿ ಜಗತ್ತಿನಲ್ಲಿಯೇ ಸಾಟಿಯಿರಲಿಲ್ಲ. ಅಲ್ಲಿಯೂ ಹಳೆಯ ಯಂತ್ರೋಪಕರಣಗಳಿಂದಲೇ ಕೆಲಸವನ್ನು ಮುಂದುವರಿಸಿದರು. ಟ್ರಯಂಫಿನ ಪ್ರಸಿದ್ಧ ವಿನ್ಯಾಸಕಾರ ಎಡ್ವರ್ಡ್ ಟರ್ನರ್ 1960ರಲ್ಲಿ ಜಪಾನಿಗೆ ಹೋಗಿ, ಅಲ್ಲಿನ ಕಾರ್ಖಾನೆಗಳ ಹೊಸ ಯಂತ್ರಗಳನ್ನು ಕಣ್ಣಾರೆ ಕಂಡು ಬಂದು ವರದಿಯನ್ನೂ ಸಲ್ಲಿಸಿದನು. ವರದಿಯಿಂದ ಹೆಚ್ಚೇನೂ ಬದಲಾಗಲಿಲ್ಲ. 1969ರಲ್ಲಿ ಹೊಂಡ ಸಂಸ್ಥೆಯ ನಾಲ್ಕು ಸಿಲಿಂಡರುಗಳ 750 ಸಿ.ಸಿ. ವಾಹನವು ಪೇಟೆಗೆ ಬಂದಿತು. ಗುಂಡಿ ಒತ್ತಿದರೆ ಎಂಜಿನ್ನು ಹೊರಡುತ್ತಿತ್ತು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇತ್ತು, ಎಣ್ಣೆ ಸೋರುತ್ತಿರಲಿಲ್ಲ. ಎಣ್ಣೆ ಸೋರುವುದು ಮೋಟಾರು ಸೈಕಲ್ಲಿನ ಹುಟ್ಟುಗುಣವೆಂದು ನಂಬಿದ್ದ ಸವಾರರಿಗೆ ಇದು ದೊಡ್ಡ ಅಚ್ಚರಿ. 1973ರಲ್ಲಿ ಬಿ.ಎಸ್.ಎ. ತನ್ನ ಸ್ವತಂತ್ರ ಅಸ್ತಿತ್ವವನ್ನು ಕಳೆದುಕೊಂಡು ಬೇರೊಂದು ಕೂಟದಲ್ಲಿ ಸೇರಿಹೋಯಿತು.

ಜಪಾನೀಯರ ಕೈಯಲ್ಲಿ ಯಾವ ಮಂತ್ರವಿತ್ತು? ತಮಾಷೆಯೆಂದರೆ, ಅದರ ಮೂಲ ಅಮೆರಿಕದಲ್ಲಿಯೇ ಇತ್ತು. 1924ರಲ್ಲಿ ವಾಲ್ಟರ್ ಶೂಹಾರ್ಟ್ ಎಂಬ ಅಮೆರಿಕದ ವಿಜ್ಞಾನಿ ದೂರವಾಣಿಯ ಬಿಡಿಭಾಗಗಳ ತಯಾರಿಕೆಗಾಗಿ 'ನಿಯಂತ್ರಣ ಪಟ' ಎಂಬ ಸರಳ ಸಾಧನವನ್ನು ರೂಪಿಸಿದನು. ಕೆಲಸಗಾರನು ಗಂಟೆಗೊಮ್ಮೆ ತಾನು ಮಾಡಿದ ಭಾಗಗಳಲ್ಲಿ ನಾಲ್ಕೈದನ್ನು ಎತ್ತಿಕೊಂಡು ಅಳೆದು, ಅವುಗಳ ಸರಾಸರಿಯನ್ನು ಚೌಕುಳಿ ಹಾಳೆಯ ಮೇಲೆ ಒಂದು ಚುಕ್ಕೆಯಾಗಿ ಗುರುತಿಸುತ್ತಾನೆ. ಹಾಳೆಯ ನಡುವೆ ಸರಿಯಾದ ಅಳತೆಯ ಗೆರೆ. ಮೇಲೆ ಒಂದು, ಕೆಳಗೆ ಒಂದು ಎಲ್ಲೆಯ ಗೆರೆ. ಯಾವ ಯಂತ್ರವೂ ಎಲ್ಲ ಭಾಗಗಳನ್ನೂ ಒಂದೇ ಅಳತೆಯಲ್ಲಿ ಮಾಡಲಾರದು; ಆದುದರಿಂದ ಚುಕ್ಕೆಗಳು ನಡುಗೆರೆಯ ಆಚೀಚೆ ಚದರಿರುವುದು ಸಹಜ. ಆದರೆ ಚುಕ್ಕೆಗಳು ಒಂದರ ಹಿಂದೊಂದು ಮೇಲಕ್ಕೇ ಏರತೊಡಗಿದರೆ, ಉಳಿ ಸವೆಯುತ್ತಿದೆಯೆಂದೋ ಯಂತ್ರದ ಹಿಡಿತ ಸಡಿಲವಾಗುತ್ತಿದೆಯೆಂದೋ ತಿಳಿಯಬೇಕು. ಇನ್ನೂ ಒಂದು ಭಾಗವೂ ಕೆಟ್ಟಿರುವುದಿಲ್ಲ. ಕೆಡುವ ಮುನ್ನವೇ ಎಚ್ಚರಿಕೆ ದೊರೆತಿರುತ್ತದೆ. ರೋಗ ಬಂದ ಮೇಲೆ ಔಷಧ ಕೊಡುವುದಕ್ಕೂ ಮೈ ಬೆಚ್ಚಗಾದೊಡನೆ ಎಚ್ಚರಗೊಳ್ಳುವುದಕ್ಕೂ ಇರುವ ಅಂತರ ಇಲ್ಲಿಯೂ ಇದೆ.

1950ರಲ್ಲಿ ಎಡ್ವರ್ಡ್ಸ್ ಡೆಮಿಂಗ್ ಎಂಬ ಇನ್ನೊಬ್ಬ ಅಮೆರಿಕನ್ ಸಂಖ್ಯಾಶಾಸ್ತ್ರಜ್ಞನು ಜಪಾನಿನ ಎಂಜಿನಿಯರುಗಳಿಗೂ ಉದ್ಯಮಿಗಳಿಗೂ ಈ ವಿಧಾನವನ್ನು ಬೋಧಿಸಿದನು. ಯುದ್ಧದಲ್ಲಿ ಸೋತು ಕಚ್ಚಾ ಸಾಮಗ್ರಿಗೂ ಪರದಾಡುತ್ತಿದ್ದ ಆ ದೇಶಕ್ಕೆ ಒಂದು ಭಾಗವನ್ನು ಮಾಡಿ ಬಿಸಾಡುವುದೂ ದುಬಾರಿಯಾಗಿತ್ತು. ಅವರು ಆ ಪಾಠವನ್ನು ಮನಸ್ಸಿಟ್ಟು ಕಲಿತರು. ಭಾರತಕ್ಕೂ ಈ ಶಾಸ್ತ್ರ ತಡವಾಗಿಯೇನೂ ಬರಲಿಲ್ಲ. ಪ್ರಶಾಂತಚಂದ್ರ ಮಹಾಲನೋಬಿಸರ ಪ್ರಯತ್ನದಿಂದ ಶೂಹಾರ್ಟನೇ 1947-48ರಲ್ಲಿ ನಮ್ಮ ದೇಶಕ್ಕೆ ಬಂದು ಹೋಗಿದ್ದನು. ಮಹಾಲನೋಬಿಸರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಮುಂದೆ ಬೆಂಗಳೂರಿನಲ್ಲಿಯೂ ಗುಣನಿಯಂತ್ರಣದ ಘಟಕವನ್ನು ತೆರೆಯಿತು.

1981ರಲ್ಲಿ ಎ.ಎಂ.ಎಫ್. ಈ ಉದ್ಯಮದಿಂದ ಕೈತೊಳೆದುಕೊಳ್ಳಲು ಬಯಸಿದಾಗ, ಹಾರ್ಲೆ-ಡೇವಿಡ್‌ಸನ್ನಿನ 13 ಮಂದಿ ಅಧಿಕಾರಿಗಳು ಬ್ಯಾಂಕುಗಳಿಂದ ಭಾರಿ ಸಾಲ ಎತ್ತಿ ಸುಮಾರು 8 ಕೋಟಿ ಡಾಲರುಗಳಿಗೆ ಸಂಸ್ಥೆಯನ್ನು ತಾವೇ ಕೊಂಡರು. ಅವರ ಮುಂದಾಳು ವಾನ್ ಬೀಲ್ಸ್. ಸ್ಥಾಪಕರ ವಂಶದ ವಿಲಿ ಡೇವಿಡ್‌ಸನ್ನನೂ ಅವರಲ್ಲಿದ್ದನು. ಜಪಾನೀಯರು ಅಗ್ಗದ ಕೂಲಿಯಿಂದಲೂ ಯಂತ್ರಮಾನವರಿಂದಲೂ ತಮ್ಮನ್ನು ಸೋಲಿಸುತ್ತಿದ್ದಾರೆಂದು ಹಲವು ಅಮೆರಿಕನ್ನರು ಆಗ ನಂಬಿದ್ದರು. ಒಹಾಯೊ ಪ್ರಾಂತದ ಮೇರಿಸ್‌ವಿಲ್ ಎಂಬಲ್ಲಿ ಹೊಂಡ ಸಂಸ್ಥೆಯು 1979ರಲ್ಲಿ ಮೋಟಾರು ಸೈಕಲ್ ಕಾರ್ಖಾನೆಯನ್ನು ತೆರೆದಿತ್ತು. ಹಾರ್ಲೆಯ ಅಧಿಕಾರಿಗಳು ಅದನ್ನು ನೋಡಲು ಹೋದರು. ಅಲ್ಲಿ ಕೆಲಸ ಮಾಡುತ್ತಿದ್ದವರೂ ಅಮೆರಿಕನ್ನರೇ. ಅಚ್ಚರಿಯ ಯಂತ್ರಗಳಾವುವೂ ಕಾಣಲಿಲ್ಲ. ಚೊಕ್ಕಟವಾದ ನೆಲ, ಅಗತ್ಯಕ್ಕೆ ತಕ್ಕಷ್ಟೇ ಸಾಮಾನು, ತನ್ನ ಕೆಲಸವನ್ನು ಅರಿತು ಮಾಡುವ ಕೆಲಸಗಾರ, ಇಷ್ಟೇ. ದೋಷವು ತಮ್ಮ ಕಾರ್ಖಾನೆಯನ್ನು ನಡೆಸುವ ರೀತಿಯಲ್ಲಿಯೇ ಇದೆಯೆಂದು ಒಪ್ಪಿಕೊಳ್ಳುವುದು ಅವರಿಗೆ ಸುಲಭವಾಗಿದ್ದಿರಲಾರದು.

ಹಿಂತಿರುಗಿದವರು ಮೊದಲು ಕೈಹಾಕಿದುದು ಉಗ್ರಾಣಕ್ಕೆ. ಅದುವರೆಗೆ ಬಿಡಿಭಾಗಗಳನ್ನು ತಿಂಗಳುಗಟ್ಟಲೆ ಸಾಲುವಷ್ಟು ಒಮ್ಮೆಗೇ ತಯಾರಿಸಿ ಪೇರಿಸಿಡುತ್ತಿದ್ದರು. ಹೆಚ್ಚಾಗಿ ಮಾಡಿದರೆ ಅಗ್ಗವಾಗುತ್ತದೆಂಬುದು ಅವರ ಲೆಕ್ಕ. ಆದರೆ ಹೀಗೆ ಪೇರಿಸಿದ ಭಾಗಗಳಲ್ಲಿ ದೋಷವಿದ್ದರೆ ಅದು ತಿಳಿಯುವುದು ತಿಂಗಳುಗಳ ಅನಂತರ, ಜೋಡಣೆಯ ಸಮಯದಲ್ಲಿ. ಅಷ್ಟರಲ್ಲಿ ಸಾವಿರಾರು ಭಾಗಗಳು ಅದೇ ತಪ್ಪಿನಿಂದ ತಯಾರಾಗಿರುತ್ತವೆ; ಕೆಲವಕ್ಕೆ ತುಕ್ಕೂ ಹಿಡಿದಿರುತ್ತದೆ; ತಪ್ಪಿನ ಕಾರಣವಂತೂ ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ. ಹೊಸ ಕ್ರಮದಲ್ಲಿ ಬೇಕಾದಾಗ ಬೇಕಾದಷ್ಟನ್ನು ಮಾತ್ರ ತಯಾರಿಸಿ ಮುಂದಿನವನ ಕೈಗೆ ಕೊಡತೊಡಗಿದರು. ಕೆಟ್ಟ ಭಾಗ ಬಂದರೆ ಅವನು ಕೂಡಲೇ ಕೂಗಿ ಹೇಳುವನು. ಕೆಲಸ ಅಲ್ಲಿಗೇ ನಿಲ್ಲುವುದು. ಕಾರಣವನ್ನು ಅಂದೇ ಹುಡುಕಲೇಬೇಕು. ಉಗ್ರಾಣ ಬರಿದಾದುದರಿಂದ ಅದರಲ್ಲಿ ಹೂತಿದ್ದ ಹಣವೂ ಕೈಗೆ ಬಂದಿತು. ಸಾಲದಲ್ಲಿ ಮುಳುಗಿದ್ದ ಸಂಸ್ಥೆಗೆ ಅದೇನೂ ಸಣ್ಣ ಸಹಾಯವಾಗಿರಲಿಲ್ಲ. ಬಿಡಿಭಾಗದ ದರ್ಜೆಯನ್ನು ಇಳಿಸದೆಯೇ ವೆಚ್ಚ ಇಳಿಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಶೂಹಾರ್ಟನ ನಿಯಂತ್ರಣ ಪಟವು ಹೀಗೆ ಸುತ್ತು ಬಳಸಿ ತನ್ನ ತೌರಿಗೆ ಹಿಂತಿರುಗಿತು. ಅಳೆಯುವ, ಚುಕ್ಕೆಯಿಡುವ, ಯಂತ್ರವನ್ನು ನಿಲ್ಲಿಸುವ ಅಧಿಕಾರವನ್ನು ಯಂತ್ರದ ಮುಂದೆ ನಿಂತವನಿಗೇ ಕೊಡಲಾಯಿತು. ಮೊದಲು ಗುಣಮಟ್ಟವು ತಪಾಸಕನ ಹೊಣೆಯಾಗಿತ್ತು. ಅವನು ಸಾಲಿನ ಕೊನೆಯಲ್ಲಿ ನಿಂತು ಕೆಟ್ಟುದನ್ನು ಬೇರ್ಪಡಿಸುತ್ತಿದ್ದನು. ಆದರೆ ತಪಾಸಣೆಯಿಂದ ಕೆಟ್ಟ ಭಾಗ ಒಳ್ಳೆಯದಾಗುವುದಿಲ್ಲ, ಅದನ್ನು ಮಾಡಲು ತಗಲಿದ ಕೂಲಿಯೂ ಲೋಹವೂ ಹಿಂದಕ್ಕೆ ಬರುವುದಿಲ್ಲ.

ಸುಧಾರಣೆಯ ದಾರಿ ಹೂವಿನ ಹಾಸಾಗಿರಲಿಲ್ಲ. 1982ರಲ್ಲಿ ಸಂಸ್ಥೆಗೆ ಭಾರಿ ನಷ್ಟವಾಯಿತು. ಕೆಲಸಗಾರರಲ್ಲಿ ಶೇಕಡ 40ರಷ್ಟು ಮಂದಿ ಕೆಲಸ ಕಳೆದುಕೊಂಡರು. ಒಡೆಯರು ಹಿಂದೆ ಮಾಡಿದ ಲೆಕ್ಕದ ತಪ್ಪಿಗೆ ದಂಡ ತೆತ್ತವರು ಇವರು. ಈ ಚರಿತ್ರೆಯನ್ನು ಗೆಲುವಿನ ಕಥೆಯಾಗಿ ಹೇಳುವವರು ಅವರನ್ನು ಮರೆಯುವುದುಂಟು. 1983ರ ಏಪ್ರಿಲ್ಲಿನಲ್ಲಿ ಅಧ್ಯಕ್ಷ ರೇಗನ್ನರ ಸರ್ಕಾರವು 700 ಸಿ.ಸಿ.ಗಿಂತ ದೊಡ್ಡದಾದ ಆಮದು ಮೋಟಾರು ಸೈಕಲ್ಲುಗಳ ಮೇಲೆ ಮೊದಲಿದ್ದ ಶೇಕಡ 4.4ರ ಸುಂಕಕ್ಕೆ ಶೇಕಡ 45ನ್ನು ಸೇರಿಸಿತು. ಇದು ಐದು ವರ್ಷಗಳಲ್ಲಿ ಕ್ರಮೇಣ ಇಳಿಯತಕ್ಕ ಸುಂಕ. ಜಪಾನೀ ಸಂಸ್ಥೆಗಳು ತಮ್ಮ 750 ಸಿ.ಸಿ. ಎಂಜಿನ್ನನ್ನು 699 ಸಿ.ಸಿ.ಗೆ ಕುಗ್ಗಿಸಿ ಸುಂಕದ ಕೈಯಿಂದ ನುಣುಚಿಕೊಂಡುವು. ಆದುದರಿಂದ ಸುಂಕವೊಂದೇ ಹಾರ್ಲೆಯನ್ನು ಉಳಿಸಿತೆಂಬ ಮಾತು ಪೂರ್ತಿ ನಿಜವಾಗಲಾರದು. ಅದರಿಂದ ಉಸಿರಾಡಲು ಬಿಡುವು ದೊರೆಯಿತೆನ್ನಬಹುದು. 1984ರ ಮಾದರಿಗಳಲ್ಲಿ ಹೊಸ ಎಂಜಿನ್ನು ಬಂದಿತು. ಅದರ ಸಿಲಿಂಡರು, ತಲೆಭಾಗ ಎರಡೂ ಅಲ್ಯೂಮಿನಿಯಮ್ಮಿನವು. ಎರಡನ್ನೂ ಉದ್ದನೆಯ ಬೋಲ್ಟುಗಳಿಂದ ಒಟ್ಟಿಗೆ ಬಿಗಿಯಲಾಗಿತ್ತು. ಎರಡು ಲೋಹಗಳ ಹಳೆಯ ತಿಕ್ಕಾಟ ಮುಗಿದು ಎಣ್ಣೆಯ ಸೋರಿಕೆ ನಿಂತಿತು. 1987ರಲ್ಲಿ, ಅವಧಿಗೆ ಮುನ್ನವೇ, ಸುಂಕದ ರಕ್ಷಣೆ ತಮಗೆ ಇನ್ನು ಬೇಡವೆಂದು ಸಂಸ್ಥೆಯೇ ಸರ್ಕಾರಕ್ಕೆ ಬರೆದುಕೊಂಡಿತು.

ಎ.ಎಂ.ಎಫ್.ನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ನ್ಯಾಯವಲ್ಲ. 1960ರ ದಶಕದ ಕೊನೆಯಲ್ಲಿ ಅದು ಹಣ ಹೂಡದೆ ಇದ್ದಿದ್ದರೆ ಹಾರ್ಲೆ-ಡೇವಿಡ್‌ಸನ್ ಅಷ್ಟು ದಿನ ಬದುಕುತ್ತಿತ್ತೋ ಇಲ್ಲವೋ. ಸಂಸ್ಥೆಯನ್ನು ಮೇಲೆತ್ತಿದ ಆ ಹೊಸ ಎಂಜಿನ್ನಿನ ಕೆಲಸವು ಆರಂಭವಾದುದೂ ಎ.ಎಂ.ಎಫ್.ನ ಕಾಲದಲ್ಲಿಯೇ, ಅದರ ಹಣದಿಂದಲೇ. ಆ ಕಾಲದಲ್ಲಿ ತಯಾರಾದ ಹಲವು ವಾಹನಗಳು ಇಂದಿಗೂ ಅಮೆರಿಕದ ರಸ್ತೆಗಳಲ್ಲಿ ಓಡಾಡುತ್ತಿವೆ. ಅವುಗಳ ಒಡೆಯರು ಎಂಜಿನ್ನುಗಳನ್ನು ಬಿಚ್ಚಿ, ಡೊಂಕಾದ ಮೈಗಳನ್ನು ಸಮತಟ್ಟುಗೊಳಿಸಿ, ಒಳ್ಳೆಯ ಗ್ಯಾಸ್ಕೆಟ್ಟುಗಳನ್ನಿಟ್ಟು ಹದವಾಗಿ ಬಿಗಿದು, ಕಾರ್ಖಾನೆಯಲ್ಲಿ ಅರೆಯಾಗಿ ಉಳಿದಿದ್ದ ಕೆಲಸವನ್ನು ತಮ್ಮ ತಮ್ಮ ಮನೆಯ ಷೆಡ್ಡುಗಳಲ್ಲಿ ಮುಗಿಸಿಕೊಂಡಿದ್ದಾರೆ.